ಬಸ್ಸಿನಲ್ಲಿ ಹುಟ್ಟಿದ ದೊಡ್ಡವ್ವ

ಮೊನ್ನೆ ನಮ್ಮ ಸಿಂಧನೂರಿನ ಓಣಿಯೊಂದರಲ್ಲಿ ನಡೆಯುತ್ತಿದ್ದೆ. ಯಾವುದೋ ಮನೆಯೊಳಗಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬಂತು. ಬಾಣಂತಿಗೆ ಅಂಟಿನ ಉಂಡಿ ಕಟ್ಟುತ್ತಿದ್ದರೇನೋ. ಅಲ್ಲೇ ನಿಂತುಬಿಟ್ಟೆ. ನಮ್ಮ ಎದುರುಮನೆಯ ಅಜ್ಜಿ ನೆನಪಾದಳು... ಆಕೆಯ ಜೊತೆ ಮಾಡಿದ ಆ ಬಸ್ ಪ್ರಯಾಣವೂ.

ನಾನಾಗ ಕಾಲೇಜು ಓದುತ್ತಿದ್ದೆ. ಲಿಂಗಸುಗೂರಿನ ಮಗಳ ಮನೆಗೆ ಹೊರಟಿದ್ದ ಅಜ್ಜಿ, ಜೊತೆಗೆ ನನ್ನನ್ನೂ ಕರೆದುಕೊಂಡಿದ್ದಳು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಸ್ಕಿ ಇನ್ನೂ ದೂರವಿರುವಾಗಲೇ, ಕಂಬಿ ಹಿಡಿದು ನಿಂತಿದ್ದ ತುಂಬು ಬಸುರಿಯೊಬ್ಬಳು "ಯವ್ವಾ!" ಎಂದು ಕುಸಿದಳು. ಒಬ್ಬಳೇ ತವರಿಗೆ ಹೊರಟಿದ್ದಳಂತೆ.

ಅಜ್ಜಿ ಥಟ್ಟನೆ ಎದ್ದಳು. "ಯಾವೂರಾಕಿ ಬೇ ನೀ?"

"ಗುರುಗುಂಟಾ ರೀ..."

"ಯಾರ ಮಗಳು?"

ಹುಡುಗಿ ನರಳುತ್ತಲೇ ಅಪ್ಪನ ಹೆಸರು ಹೇಳಿದಳು.

"ಅಯ್ಯ, ನಮ್ಮ ಮಂದೀನ ಅದೀಯಲ್ಲ! ನಿಮ್ಮವ್ವ ನನಗ ತಂಗಿ ಆಗಬೇಕು. ನಾ ನಿನ್ನ ದೊಡ್ಡವ್ವ. ಅಂಜಬ್ಯಾಡ!"

ಪಕ್ಕದ ಸೀಟಿನ ಗಂಡಸೊಬ್ಬ ಕಿಟಕಿಯಾಚೆ ಮುಖ ತಿರುಗಿಸಿದ. ಅಜ್ಜಿ ಬಿಡಲಿಲ್ಲ. "ನಿನ್ನ ಹೇಣ್ತಿ ಯಾವೂರಾಕಿಪಾ?"

"ಗುರುಗುಂಟಾ ಸನೇದಾಕಿ..."

"ಹಂಗಾದ್ರ ಈಕಿ ನಿನಗ ನಾದಿನಿ ಆದ್ಳು. ಏಳು, ಸೀಟು ಬಿಡು, ಆಕಿ ಮಲಗಲಿ!"

ಬಸ್ಸೆಲ್ಲ ನಕ್ಕಿತು. ಅವನೂ ನಗುತ್ತ ಎದ್ದ. ಅಜ್ಜಿ ಡ್ರೈವರನಿಗೆ ಕೂಗಿದಳು: "ಕೂಸಿಗೆ ನೀನ ಸ್ವಾದರಮಾವ! ದವಾಖಾನಿ ಬರೂತನಕ ಎಲ್ಲೂ ನಿಂದ್ರಸಬ್ಯಾಡ!"

ಬಸ್ಸು ಹಾರ್ನ್ ಹೊಡೆಯುತ್ತ ಓಡಿತು. ದಾರಿಯಲ್ಲಿ ಕೈ ಮಾಡಿದವರಿಗೆಲ್ಲ ನಾವು ಕಿಟಕಿಯಿಂದ ಕೂಗಿದೆವು, "ಹೆರಿಗಿ ಐತಿ, ಹೆರಿಗಿ!" ಅದರಲ್ಲಿ ನನ್ನ ದನಿಯೇ ಮೇಲಾಗಿತ್ತು. ಹೆದರಿಕೆಗೋ ಹಿಗ್ಗಿಗೋ, ಈಗಲೂ ತಿಳಿಯದು.

ಮಸ್ಕಿಯ ಆಸ್ಪತ್ರೆಯಲ್ಲಿ ನರ್ಸ್, "ಈಕಿ ಕಡೆಯವ್ರು ಯಾರು?" ಎಂದಾಗ ಅರ್ಧ ಬಸ್ಸೇ ಮುಂದೆ ಬಂತು! ಅಜ್ಜಿಯೊಬ್ಬಳೇ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲೇ ಕೂಸಿನ ಅಳು ಕೇಳಿಸಿತು. ಹೆಣ್ಣುಮಗು! ಸುದ್ದಿಗೆಂದೇ ಕಾದಿದ್ದ ಡ್ರೈವರ್ ಹಾರ್ನ್ ಬಾರಿಸಿಯೇ ಬಸ್ಸು ಬಿಟ್ಟ.

ಸುದ್ದಿ ತಿಳಿದು ಸಂಜೆ ಗುರುಗುಂಟಾದಿಂದ ಹುಡುಗಿಯ ತಾಯಿ ಓಡಿ ಬಂದರು. ಅಜ್ಜಿಯನ್ನು ದಿಟ್ಟಿಸಿ, "ನೀವು ಯಾರ ಕಡೆಯವ್ರು ರೀ? ಗುರ್ತು ಸಿಗವಲ್ದು" ಎಂದರು.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. "ನಾನೂ ನಿಮ್ಮನ್ನ ಇವತ್ತ ನೋಡಾಕತ್ತೀನ್ರೀ. ಆ ಹೊತ್ತಿನಾಗ ಈಕಿಗೊಬ್ಬ ದೊಡ್ಡವ್ವ ಬೇಕಾಗಿದ್ಲು. ಆದೆ."

ತಾಯಿ ಆಕೆಯ ಕೈ ಹಿಡಿದುಕೊಂಡರು. "ಆಗೀರಲ್ಲ, ಇನ್ನ ಬಿಡಂಗಿಲ್ಲ ಅಕ್ಕಾ."

ಬಿಡಲೂ ಇಲ್ಲ. ಆ ಕೂಸನ್ನು ತೊಟ್ಟಿಲಿಗೆ ಹಾಕಿದ್ದು ಅಜ್ಜಿಯೇ. ಪಂಚಮಿಗೆ ಗುರುಗುಂಟಾದಿಂದ ಉಂಡಿ ಬರುತ್ತಿದ್ದವು, ಇಲ್ಲಿಂದ ಕುಪ್ಪಸದ ಕಣ ಹೋಗುತ್ತಿತ್ತು.

ಹೋದ ವರ್ಷ ಅಜ್ಜಿ ತೀರಿಕೊಂಡಳು. "ದೊಡ್ಡವ್ವಾ..." ಎಂದು ಎಲ್ಲರಿಗಿಂತ ಜೋರಾಗಿ ಅತ್ತವಳು ಅಂದು ಬಸ್ಸಿನಲ್ಲಿ ಕುಸಿದಿದ್ದ ಗುರುಗುಂಟಾದವಳೇ. ಪಕ್ಕದಲ್ಲಿ ಅವಳಷ್ಟೇ ಎತ್ತರಕ್ಕೆ ಬೆಳೆದ ಮಗಳು. ನನ್ನ ಹತ್ತಿರ ಕುಳಿತಿದ್ದ ಹೆಂಗಸೊಬ್ಬಳು, "ನೀವು ಅಜ್ಜಿಗೆ ಏನಾಗಬೇಕು ರೀ?" ಎಂದು ಕೇಳಿದಳು. ಎದುರುಮನೆಯವಳು ಎನ್ನಲು ಬಾಯಿ ತೆರೆದವಳು, "ಮೊಮ್ಮಗಳು" ಎಂದೆ.

ಈಗಲೂ ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತೇನೆ. ಕೇಳಿಸಿಕೊಂಡು ಹಿಗ್ಗಲು ಅಜ್ಜಿಯೇ ಇಲ್ಲ...