ಅತ್ತೆಯ ಮೈಯಲ್ಲಿ ಸೂಜಿ

ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ನಾಲ್ಕು ಮಡಿಕೆಯ ಒಂದು ಹಾಳೆ ಇದೆ. ಅದು ನನ್ನ ಅತ್ತೆಯ ರಕ್ತಪರೀಕ್ಷೆಯ ವರದಿ. ಬಾದಾಮಿ ಸೀಮೆಯ ಅವರು ಮಗಳ ಬಾಣಂತನಕ್ಕೆಂದು ರಾಯಬಾಗದ ನಮ್ಮ ಮನೆಗೆ ಬಂದು ಮೂರು ತಿಂಗಳಾಗಿತ್ತು. ಸಂಜೆಯಾದರೆ ಸಣ್ಣಗೆ ಜ್ವರ ಬರತೊಡಗಿದಾಗ ಡಾಕ್ಟರು ರಕ್ತ ತೆಗೆಸಿದರು. ಹಾಳೆಯಲ್ಲಿ ಒಂದೇ ಸಾಲು ದಪ್ಪಕ್ಷರದಲ್ಲಿತ್ತು: ಸಿಆರ್‌ಪಿ, ನಲವತ್ತೆರಡು. ಇರಬೇಕಾದದ್ದು ಆರರೊಳಗೆ.

ಗೆಳೆಯರೇ, ಸರಕಾರಿ ಶಾಲೆಯ ಮಾಸ್ತರನ ಮನೆಯಲ್ಲಿ ಈ ಮೂರಕ್ಷರಕ್ಕಿರುವ ಘನತೆ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಪಾಲಿಗೆ ಸಿಆರ್‌ಪಿ ಎಂದರೆ ಹೇಳದೆ ಕೇಳದೆ ಮೋಟರ್‌ಸೈಕಲ್ಲಿನಲ್ಲಿ ಬಂದಿಳಿದು, ಹಾಜರಿ ಪುಸ್ತಕ ತಿರುವಿ, 'ಸುಧಾರಣೆ ಅಗತ್ಯ' ಎಂದು ಬರೆದು, ಚಹಾ ಕುಡಿದು ಹೋಗುವ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಒಬ್ಬರನ್ನು ಸಂಭಾಳಿಸುವುದೇ ಕಷ್ಟವಿರುವಾಗ ಅತ್ತೆಯ ಮೈಯಲ್ಲಿ ನಲವತ್ತೆರಡು ಮಂದಿ. ಆಮೇಲೆ ಓದಿ ತಿಳಿದೆ: ದೇಹದಲ್ಲಿ ಎಲ್ಲೋ ಉರಿಯೂತವಾದಾಗ ಯಕೃತ್ತು ರಕ್ತಕ್ಕೆ ಬಿಡುವ ಪ್ರೋಟೀನು ಅದು. ಸ್ವಭಾವ ಮಾತ್ರ ನಮ್ಮ ಇಲಾಖೆಯ ಸಿಆರ್‌ಪಿಯವರದೇ. ಏನೋ ಸರಿಯಿಲ್ಲ ಎನ್ನುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ.

ಡಾಕ್ಟರು ಮಿರಜದ ಕಡೆಯವರು, ಅವರ ಕನ್ನಡದಲ್ಲಿ ಅರ್ಧ ಮರಾಠಿ. "ಆಜೀ, ಅಂಗದಾಗ ಸೂಜ್ ಐತ್ರಿ. ಎಲ್ಲಿ ಐತಿ ಅಂತ ಈ ರಿಪೋರ್ಟಿನಾಗ ತಿಳಿಯಂಗಿಲ್ಲ, ಹುಡುಕಬೇಕು" ಎಂದರು. ಕೆಮ್ಮು, ಮೊಣಕಾಲು, ಉರಿಮೂತ್ರ ಎಲ್ಲವನ್ನೂ ಕೇಳಿದರು. ಅಳಿಯನೆದುರು ಮಾತಾಡಬಾರದೆಂಬ ಹಳೆಯ ರೂಢಿಯ ಅತ್ತೆ ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿದರು. ಅವರ ಮುಖ ಕಪ್ಪಿಟ್ಟದ್ದನ್ನು ಕಂಡೆ, ಸಂಖ್ಯೆಗೆ ಹೆದರಿದ್ದಾರೆಂದುಕೊಂಡೆ.

ಮುಂದಿನ ಮೂರು ದಿನ ನಾನು ವಿದ್ವಾಂಸನಾದೆ. ವರದಿಯ ಫೋಟೋವನ್ನು ಅಲಖನೂರಿನ ನಮ್ಮ ಶಾಲೆಯಲ್ಲಿ ಎಲ್ಲರಿಗೂ ತೋರಿಸಿ, ಉರಿಯೂತದ ಬಗ್ಗೆ ಯಾರೂ ಕೇಳದ ಉಪನ್ಯಾಸ ಕೊಟ್ಟೆ. ಸಹೋದ್ಯೋಗಿಯೊಬ್ಬರು, "ನಮ್ಮ ಕಾಕಾಂದು ತೊಂಬತ್ತು ಬಂದಿತ್ರಿ" ಎಂದರು, ಎಕರೆಗೆ ಇಷ್ಟು ಟನ್ ಕಬ್ಬು ಬಂತೆಂದು ಹೇಳುವ ಗತ್ತಿನಲ್ಲಿ. ನಮ್ಮ ನಲವತ್ತೆರಡರ ಬಗ್ಗೆ ನನಗೆ ಕೊಂಚ ಕೀಳರಿಮೆಯೇ ಆಯಿತು.

ರವಿವಾರ ಬೆಳಿಗ್ಗೆ ನಡುಮನೆಗೆ ಬಂದರೆ, ಹಳೆಯ ಸೀರೆಗಳನ್ನು ಕೂಡಿಸಿ ಎರಡು ತಿಂಗಳು ಕೂತು ಕೂಸಿಗೆಂದು ಹೊಲಿದ ಕೌದಿಯನ್ನು ಅತ್ತೆ ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ಹರವಿದ್ದರು. ಪಕ್ಕದಲ್ಲಿ ಬರಿಮೈಯಲ್ಲಿ ಮಲಗಿದ್ದ ಕೂಸಿನ ಬೆನ್ನು, ತೊಡೆಗಳನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಒತ್ತಿ ನೋಡುತ್ತಿದ್ದರು.

"ಏನ್ ಮಾಡಾಕತ್ತೀಯವ್ವಾ?" ಎಂದಳು ನನ್ನ ಹೆಂಡತಿ.

ಅತ್ತೆ ಅಳತೊಡಗಿದರು. ಕೌದಿ ಹೊಲಿಯುವಾಗ ಸೂಜಿ ಮುರಿದು ಎರಡು ತುಂಡಾಗಿತ್ತಂತೆ. ಎಷ್ಟು ತಡಕಿದರೂ ಎರಡರಲ್ಲಿ ಒಂದೂ ಸಿಕ್ಕಿರಲಿಲ್ಲ. "ನನ್ನ ಅಂಗದಾಗ ಸೂಜಿ ಐತಿ ಅಂದ್ರಲ್ಲ ಡಾಕ್ಟರು. ಇನ್ನೊಂದ್ ತುಂಡು ಇದರ ಮೈಯಾಗ ಹೋಗಿದ್ದರ?" ಎಂದವರು ಮೂರು ತಿಂಗಳಲ್ಲಿ ಮೊದಲ ಸಲ ನನ್ನತ್ತ ತಿರುಗಿದರು. "ಮಾಸ್ತರ್ರ, ನಂದಿರ್ಲಿ. ಕೂಸಿನ ರಕ್ತಾ ಮೊದಲ ತೆಗಸ್ರಿ."

ಕೊನೆಯ ಸ್ವರ ನುಂಗಿ ಮಾತಾಡುವ ಜನ ನಾವು. ಡಾಕ್ಟರೂ ಹಾಗೇ ಸೂಜಿಯ ಕೊನೆ ನುಂಗಿ ಸೂಜ್ ಎಂದರೆಂದು ಅತ್ತೆ ತಿಳಿದಿದ್ದರು. ಮರಾಠಿಯ ಸೂಜ್ ಎಂದರೆ ನಮ್ಮ ಬಾವು ಎಂದು ಹೇಳಿದೆ. ಊರಿಗೆಲ್ಲ ಅರ್ಥ ಬಿಡಿಸಿ ಹೇಳಿದ ನನಗೆ ನಾಚಿಕೆಯಾಯಿತು.

"ಬಾವಾ?" ಎಂದು ಅತ್ತೆ ಕಣ್ಣೊರೆಸಿಕೊಂಡರು. "ಹಂಗಾರ ಹಲ್ಲಿಂದ ಇರಬೇಕ್ರಿ. ತಿಂಗಳಾತು, ಬಲಗಡೆ ದವಡಿ ಬಾತೈತಿ. ಒಂದ ಮಗ್ಗಲ ಅಗಿಯಾಕತ್ತೀನಿ."

"ಡಾಕ್ಟರಿಗೆ ಯಾಕ ಹೇಳಲಿಲ್ಲಬೇ?" ಎಂದಳು ಹೆಂಡತಿ.

"ಹಲ್ಲಿಗೆ ಬ್ಯಾರೆ ಡಾಕ್ಟರ್ ಇರ್ತಾರಲ್ಲವ್ವಾ. ಇವರು ಅದನ್ನ ಕೇಳಲಿಲ್ಲ. ಮನ್ಯಾಗೂ ಯಾರೂ ಕೇಳಲಿಲ್ಲ."

ಕೂಸಿಗೆ ಅಂಗಿ ತೊಡಿಸುತ್ತ ಹೇಳಿದ ಆ ಮಾತಿನಲ್ಲಿ ದೂರು ಇರಲಿಲ್ಲ. ಮೂರು ತಿಂಗಳು ದಿನಕ್ಕೆರಡು ಹೊತ್ತು ಅವರು ಮಾಡಿದ್ದನ್ನು ಉಂಡವನು ನಾನು. ಅವರು ಉಣ್ಣುವುದನ್ನು ಒಮ್ಮೆಯೂ ನೋಡಿರಲಿಲ್ಲ.