ಕೈ ಹಚ್ಚದೆ ತೆರೆದುಕೊಂಡ ಡ್ರಾಯರುಗಳು

ಇಂಥದ್ದನ್ನು ಯಾರಾದರೂ ಹೇಳಿದರೆ ಎದುರಿಗೇ ನಗುತ್ತಿದ್ದವಳು ನಾನು. ಈಗ ನೀವು ನಕ್ಕರೂ ಬೇಜಾರಿಲ್ಲ.

ವಿಜಯನಗರದಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡಿಕೊಂಡಿದ್ದ ನನಗೆ ಕೆಲವು ವರ್ಷಗಳ ಹಿಂದೆ ಮಂಗಳೂರಿನ ಶ್ರೀಮಂತರೊಬ್ಬರ ವಿಹಾರನೌಕೆಯ ಕೋಣೆಗಳ ಕೆಲಸ ಸಿಕ್ಕಿತು. ಉಲ್ಲಾಳದ ಶೆಡ್ಡಿನಲ್ಲಿ ಎಲ್ಲವನ್ನೂ ಜೋಡಿಸಿ ತೋರಿಸಬೇಕು. ನೌಕೆಯ ಕ್ಯಾಪ್ಟನ್ ಒಪ್ಪಿದರೆ ಬಿಚ್ಚಿ ನೌಕೆಗೆ ಕಳಿಸಬೇಕು. ಒಪ್ಪದಿದ್ದರೆ ಕೆಲಸ ಕೈತಪ್ಪಿದಂತೆಯೇ. ನಾನು ಜೊತೆಗೆ ಕರೆದುಕೊಂಡು ಹೋದ ಬಡಗಿ ಈರಾಚಾರ್ರು ಅದುವರೆಗೆ ಸಮುದ್ರವನ್ನೇ ಕಂಡವರಲ್ಲ.

ಅವರ ಕೈಕೆಲಸ ನೀವು ನೋಡಬೇಕಿತ್ತು! ತೇಗದ ಗೋಡೆಯಲ್ಲಿ ಒಂದು ಮೊಳೆ ಕಾಣದು. ಲೋಟ ಬೀಳದಂತೆ ಮೇಜಿನ ಸುತ್ತ ತೆಳುವಾದ ಅಂಚುಪಟ್ಟಿ. ನೀರು ಒಳಬರದಂತೆ ಬಾಗಿಲಿಗೆ ಎತ್ತರದ ಅಡ್ಡಪಟ್ಟಿ ಬೇಕೆಂದರೆ, "ಹೊಸ್ತಿಲು ಅನ್ನಿ ಮೇಡಂ" ಎಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿಬಿಟ್ಟರು. ಡ್ರಾಯರುಗಳಂತೂ ಒಂದೇ ಬೆರಳಿಗೆ ಜಾರಿ ಬರುತ್ತಿದ್ದವು. ನಾನು ಹಿಗ್ಗಿಹೋದೆ.

ಕ್ಯಾಪ್ಟನ್ ಬರುವ ದಿನ ಮಧ್ಯಾಹ್ನ ಆಚಾರ್ರೂ ನಾನೂ ಶೆಡ್ಡಿನಲ್ಲಿ ಜೋಡಿಸಿಟ್ಟ ಕೋಣೆಯೊಳಗೆ ಟೀ ಕುಡಿಯುತ್ತಿದ್ದೆವು. ನೆಲ ಮೆಲ್ಲಗೆ ಒಂದು ಕಡೆಗೆ ವಾಲಿತು. ತಲೆ ಸುತ್ತಿರಬೇಕು ಎಂದುಕೊಂಡೆ. ಅಷ್ಟರಲ್ಲಿ ನನ್ನ ಲೋಟ ಜಾರಿ ಅಂಚುಪಟ್ಟಿಗೆ ತಾಗಿ ನಿಂತಿತು. ಎದುರಿನ ಆರೂ ಡ್ರಾಯರುಗಳು ತಾವಾಗಿಯೇ ತೆರೆದುಕೊಂಡವು. ಆಮೇಲೆ ನೆಲ ಮೊದಲಿನಂತಾಯಿತು.

"ನಿಮ್ಗೂ ಹಂಗೇ ಆಯ್ತಾ ಮೇಡಂ?" ಆಚಾರ್ರು ಕೇಳಿದರು.

ನೆಲ ಸಮವಾಗಿದೆಯೇ ಎಂದು ನೋಡಲು ಅವರು ರಸಮಟ್ಟ ತಂದು ಇಟ್ಟರು. ಅದರ ಗುಳ್ಳೆ ನಟ್ಟನಡುವೆ ನಿಂತಿತ್ತು. ಹೊರಗೆ ಪಾಲಿಶ್ ಹಾಕುತ್ತಿದ್ದವರಿಗೆ ಏನೂ ಗೊತ್ತಾಗಿರಲಿಲ್ಲ.

ತೆರೆದ ಡ್ರಾಯರುಗಳನ್ನು ನೋಡುತ್ತಿದ್ದಂತೆ ನನಗೆ ನನ್ನ ತಪ್ಪು ಹೊಳೆಯಿತು. ಅಲೆಗೆ ನೌಕೆ ವಾಲಿದಾಗ ಅವು ಹೀಗೆ ತೆರೆದುಕೊಳ್ಳಬಾರದು, ಚಿಲಕ ಬೇಕು. ಅಂದ ಕೆಡುತ್ತದೆಂದು ನಾನೇ ಅದನ್ನು ನಕ್ಷೆಯಿಂದ ಅಳಿಸಿದ್ದೆ. ಅಡುಗೆಮನೆಗಳನ್ನು ಮಾಡಿ ಮಾಡಿ ಬಂದ ಬುದ್ಧಿ! ನಾಚಿಕೆಯಿಂದ ಹೇಳಿದೆ: "ತಪ್ಪು ನಂದು, ಬೈಗುಳ ನಿಮಗೆ ಬೀಳ್ತಿತ್ತು ಆಚಾರ್ರೇ."

"ಬಿಡಿ ಮೇಡಂ, ಇನ್ನೂ ಮೂರು ಗಂಟೆ ಟೈಮಿದೆ" ಎಂದು ಉಳಿ ಎತ್ತಿಕೊಂಡರು.

ಚಿಲಕ ಹಾಕಲೇ ಇಲ್ಲ. ಪ್ರತಿ ಡ್ರಾಯರಿನ ಅಡಿಯಲ್ಲಿ, ಮುಚ್ಚಿದಾಗ ಚೌಕಟ್ಟಿನ ಅಂಚಿಗೆ ಸಿಕ್ಕಿಕೊಳ್ಳುವಂತೆ, ಒಂದು ಕಚ್ಚು ಕೊರೆದರು. ಸ್ವಲ್ಪ ಎತ್ತಿ ಎಳೆದರೆ ಮಾತ್ರ ಬರಬೇಕು, ಹಾಗೆ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಕಾರವಾರದವರಾದ ಕ್ಯಾಪ್ಟನ್ ಬಂದವರೇ ಮೊದಲು ಕೈ ಹಾಕಿದ್ದು ಡ್ರಾಯರಿಗೆ. ಎಳೆದರು, ಬರಲಿಲ್ಲ. ಎತ್ತಿ ಎಳೆದರು, ಬಂತು. ಅವರ ಮುಖ ಅರಳಿತು.

"ಹಡಗಿನ ಕೆಲಸ ಎಲ್ಲಿ ಕಲಿತಿರಿ ಆಚಾರ್ರೇ?"

ಆಚಾರ್ರು ಒಮ್ಮೆ ನನ್ನ ಮುಖ ನೋಡಿದರು. "ಇಲ್ಲೇ ಸಾರ್. ಇವತ್ತೇ."

ಕ್ಯಾಪ್ಟನ್ ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ನಾವಿಬ್ಬರೂ ನಗಲಿಲ್ಲ. ಆ ಮಧ್ಯಾಹ್ನ ಕಲಿಸಿದ್ದು ಯಾರೋ ಏನೋ, ನನಗೆ ಇವತ್ತಿಗೂ ತಿಳಿಯದು.