ಅಕ್ಕನ ರೋಲ್, ನನ್ನ ಸುಳ್ಳು

ನಾನು ಚಿಕ್ಕವಳಿದ್ದಾಗ ಬಳ್ಳಾರಿಯ ನಮ್ಮ ಮನೆಯಲ್ಲಿ ದೇವರ ಕೋಣೆಯಷ್ಟೇ ಮರ್ಯಾದೆ ಇದ್ದದ್ದು ಅಪ್ಪನ ಕತ್ತಲೆ ಕೋಣೆಗೆ. ಅಪ್ಪ ಅಲ್ಲಿ ಫೋಟೊ ತೊಳೆಯುತ್ತಿದ್ದ. ಔಷಧದ ಹುಳಿ ವಾಸನೆ ನಮ್ಮ ಬಟ್ಟೆಗೆ, ಹಾಸಿಗೆಗೆ, ಕಡೆಗೆ ಅನ್ನಕ್ಕೂ ಅಂಟಿಕೊಂಡಿರುತ್ತಿತ್ತು. ವಾರವಿಡೀ ಸ್ಟುಡಿಯೊದಲ್ಲಿ ಮದುವೆ ಜೋಡಿಗಳು, ಅಳುವ ಕೂಸುಗಳು. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಊರೂರು ತಿರುಗಿ ತನಗೆ ಬೇಕಾದ ಚಿತ್ರ ತೆಗೆಯುತ್ತಿದ್ದ. ಅವು ಪ್ರದರ್ಶನಕ್ಕೆ ಹೋಗುತ್ತಿದ್ದವು, ಬಹುಮಾನವನ್ನೂ ತರುತ್ತಿದ್ದವು.

ನನ್ನ ಅಕ್ಕನಿಗೂ ಅದೇ ಹುಚ್ಚು. ಅಪ್ಪನ ಹಳೆಯ ಕ್ಯಾಮೆರಾ ಹಿಡಿದು ಎರಡು ವರ್ಷ ಕಲಿತಿದ್ದಳು. ಆ ಸಲ ಹಟ ಹಿಡಿದು ಕೂತಳು.

"ಅಪ್ಪಾ, ಈ ಸರ್ತಿ ಪ್ರದರ್ಶನಕ್ಕ ನಂದೂ ಒಂದು ಕಳಸು. ನನ್ನ ಹೆಸರೀಲೇ."

ಅಪ್ಪ ಬಹಳ ಹೊತ್ತು ಕೆನ್ನೆ ಕೆರೆದುಕೊಂಡ. "ಆತು. ಈ ಭಾನುವಾರ, ಒಂದ ರೋಲ್. ಅದರಾಗ ಒಂದು ಚಿತ್ರ ಚಲೋ ಬಂದ್ರ ಕಳಸ್ತೀನಿ. ಬರಲಿಲ್ಲಂದ್ರ ಮುಂದಿನ ವರ್ಷ ನೋಡೋಣು."

ಮುಂದಿನ ವರ್ಷವಂತೆ! ಅಷ್ಟರಲ್ಲಿ ಅಕ್ಕನ ಮದುವೆ ಮುಗಿಸಬೇಕೆಂದು ಮನೆಯಲ್ಲಿ ಆಗಲೇ ಮಾತು ನಡೆದಿತ್ತು. ಹೋದ ಮನೆಯಲ್ಲಿ ಕ್ಯಾಮೆರಾ ಮುಟ್ಟಲು ಬಿಡುತ್ತಾರೋ ಇಲ್ಲವೋ, ಯಾರಿಗೆ ಗೊತ್ತು? ಇದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ರೋಲ್ ಅಂದರೆ ಸುರುಳಿ ಸುತ್ತಿದ ಫಿಲ್ಮು. ಅದರ ತುದಿಯನ್ನು ಕ್ಯಾಮೆರಾದೊಳಗಿನ ಹಲ್ಲಿಗೆ ಸಿಕ್ಕಿಸಿ ಮುಚ್ಚಳ ಹಾಕಬೇಕು. ಆಮೇಲೆ ಬಲಗಡೆಯ ಲಿವರ್ ಎಳೆದರೆ ಎಡಗಡೆಯ ಗುಂಡಿ ತಾನಾಗಿ ತಿರುಗಬೇಕು. ತಿರುಗಿದರೆ ಒಳಗೆ ಫಿಲ್ಮು ಓಡಿದೆ ಎಂದರ್ಥ. ಅದನ್ನು ಕಣ್ಣಾರೆ ಕಂಡು "ಓಡ್ತು" ಎಂದು ಗಟ್ಟಿಯಾಗಿ ಹೇಳಿಯೇ ಕ್ಯಾಮೆರಾ ಕೊಡಬೇಕು.

ಆ ಬೆಳಿಗ್ಗೆ ನಾನೇ ಹಾಕುತ್ತೇನೆಂದು ಗೋಗರೆದು ರೋಲ್ ಇಸಿದುಕೊಂಡೆ. ತುದಿ ಸಿಕ್ಕಿಸಿದೆ, ಮುಚ್ಚಳ ಹಾಕಿದೆ, ಲಿವರನ್ನೂ ಎಳೆದೆ. ಅಷ್ಟರಲ್ಲಿ ಹೊರಗೆ ಅಪ್ಪ ಸ್ಕೂಟರ್ ಚಾಲೂ ಮಾಡಿದ. ಮುಂದೆ ನಿಲ್ಲುವ ಜಾಗ ನನ್ನದು, ಎಲ್ಲಿ ತಪ್ಪಿಹೋಗುತ್ತದೋ ಎಂಬ ಗಡಿಬಿಡಿ. ಗುಂಡಿಯ ಕಡೆ ನೋಡದೆಯೇ "ಓಡ್ತು!" ಎಂದು ಕೂಗಿ ಕ್ಯಾಮೆರಾವನ್ನು ಅಕ್ಕನ ಕೈಗೆ ತುರುಕಿದೆ.

ಕುರುಗೋಡು ಮುಟ್ಟಿದಾಗ ಬಂಡೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಕಣ್ಣು ಮೂಗಿನಲ್ಲಿ ನೀರು ಸುರಿಸಿದೆವು. ಅಕ್ಕ ಬಂಡೆ ಹತ್ತಿದಳು, ಇಳಿದಳು, ಕುರಿ ಕಾಯುವ ಮುದುಕನ ಹಿಂದೆ ಅರ್ಧ ಗಂಟೆ ಅಲೆದಳು. ಒಂದೊಂದು ಚಿತ್ರಕ್ಕೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಹತ್ತನೆಯದೋ ಹನ್ನೊಂದನೆಯದೋ ತೆಗೆದು ಲಿವರ್ ಎಳೆದಾಗ ನಾನು ಪಕ್ಕದಲ್ಲೇ ಇದ್ದೆ. ಎಡಗಡೆಯ ಗುಂಡಿ ತಿರುಗಲಿಲ್ಲ.

ಒಳಗೆ ಫಿಲ್ಮು ಸಡಿಲ ಇರಬೇಕು, ಮುಂದಿನ ಸಲ ತಿರುಗುತ್ತದೆ ಎಂದುಕೊಂಡೆ. ಮುಂದಿನ ಸಲವೂ ತಿರುಗಲಿಲ್ಲ. ಆಮೇಲೆ ನಾನು ಆ ಕಡೆ ನೋಡುವುದನ್ನೇ ಬಿಟ್ಟೆ. ಹೇಡಿ ಅಂದರೆ ಹೇಡಿ!

ಸಿರುಗುಪ್ಪದ ಹತ್ತಿರ ಕಾಲುವೆ ದಂಡೆಯ ಮೇಲೆ ರೊಟ್ಟಿಯ ಗಂಟು ಬಿಚ್ಚಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಹಸಿ ಭತ್ತದ ಗದ್ದೆಯ ಗಾಳಿ ತಂಪಾಗಿತ್ತು. "ಇಪ್ಪತ್ತೆಂಟು ಆದ್ವು. ಆ ಕುರಿ ಮುದುಕಂದು ಒಂದರ ಚಲೋ ಬಂದಿರ್ತೈತಿ ಅಪ್ಪಾ," ಎಂದಳು ಅಕ್ಕ. ಅವಳ ಮುಖದ ಖುಷಿ ನೋಡಿ ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಬಿಕ್ಕಿಬಿಕ್ಕಿ ಅಳುತ್ತಾ ಎಲ್ಲ ಹೇಳಿಬಿಟ್ಟೆ.

ಅಕ್ಕ ಕ್ಯಾಮೆರಾದ ಮುಚ್ಚಳ ತೆಗೆದಳು. ಫಿಲ್ಮಿನ ತುದಿ ಹಲ್ಲಿನಿಂದ ಕಳಚಿ ಸುಮ್ಮನೆ ಬಿದ್ದಿತ್ತು. ಬೆಳಗಿನಿಂದ ತೆಗೆದ ಇಪ್ಪತ್ತೆಂಟರಲ್ಲಿ ಒಂದೂ ಇರಲಿಲ್ಲ.

"ಯಾವಾಗ ನೋಡಿದಿ?"

"ಕುರುಗೋಡಿನ್ಯಾಗ."

"ಅಲ್ಲೇ ಹೇಳಾಕ ಏನಾಗಿತ್ತಲೇ ನಿನಗ?" ಎಂದು ನನ್ನ ಕಿವಿ ಹಿಡಿದು ಹಿಂಡಿದಳು. ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲೂ ಬಂದಿತ್ತು.

ಅಪ್ಪ ಕೈ ತೊಳೆದು ಎದ್ದ. "ಹೋಗ್ಲಿ ಬಿಡವ್ವ. ಸ್ಕೂಟರಿನ ದೀಪ ಕೆಟ್ಟೈತಿ, ಬೆಳಕು ಇರೂದ್ರಾಗ ಊರು ಸೇರಬೇಕು. ನಡೀರಿ."

"ನಾ ಬರಂಗಿಲ್ಲ," ಎಂದಳು ಅಕ್ಕ. "ರೋಲ್ ಕೆಟ್ಟಿಲ್ಲ, ಪೂರಾ ಹಂಗ ಐತಿ. ಒಂದು ತಾಸು ಕೊಡು ಅಪ್ಪಾ. ಬೇಕಂದ್ರ ನಾ ಬಸ್ಸಿಗೆ ಬರ್ತೀನಿ."

ಆಮೇಲೆ ನನ್ನ ಕಡೆ ತಿರುಗಿ ಕ್ಯಾಮೆರಾ ಚಾಚಿದಳು. "ಹಾಕು. ಈಗರ ಕಣ್ಣಿಟ್ಟು ನೋಡು."

ತುದಿ ಸಿಕ್ಕಿಸಿ, ಮುಚ್ಚಳ ಹಾಕಿ ಲಿವರ್ ಎಳೆದೆ. ಗುಂಡಿ ತಿರುಗಿತೋ ಇಲ್ಲವೋ ಎಂದು ಮೂರು ಸಲ ಮೂಗು ತಾಗಿಸಿ ನೋಡಿದೆ. ಅಪ್ಪ ನಿಟ್ಟುಸಿರು ಬಿಟ್ಟು ಮತ್ತೆ ಕೂತುಕೊಂಡ.

ಅಕ್ಕ ನೇರ ನಡೆದದ್ದು ಎದುರಿನ ಅಕ್ಕಿ ಗಿರಣಿಗೆ. ಅಂಗಳದ ತುಂಬ ಭತ್ತ ಒಣಗಲು ಹರವಿದ್ದರು. ಹೆಂಗಸರು ಸಾಲಾಗಿ ಕಾಲು ಎಳೆಯುತ್ತಾ ನಡೆದು ಅದನ್ನು ತಿರುವುತ್ತಿದ್ದರು. ಇಳಿಬಿಸಿಲಿಗೆ ಅವರ ಕಾಲು ಹಾದಲ್ಲೆಲ್ಲ ಕಪ್ಪು ಗೆರೆ, ಹೊನ್ನಿನ ಗೆರೆ. ಅಕ್ಕ ಸರಸರನೆ ಚೀಲದ ರಾಶಿ ಹತ್ತಿ ತುದಿಯಲ್ಲಿ ನಿಂತಳು. "ಏನವ್ವಾ, ನಮ್ಮ ಕಾಲು ತಗೀತೀಯೇನು? ಮಕ ತಗಿಯವ್ವ, ಮಕ!" ಎಂದು ಒಬ್ಬಾಕೆ ಕೂಗಿದಾಗ ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ. ಬೆಳಕು ಕೆಂಪಾಗುವವರೆಗೆ, ರೋಲ್ ಮುಗಿಯುವವರೆಗೆ ಕೆಳಗಿಳಿಯಲಿಲ್ಲ. ಕಡೆಗೆ ಮೂವರೂ ಒಂದು ಲಾರಿಯ ಬೆಳಕಿನ ಹಿಂದೆ ಹಿಂದೆ ಊರು ಸೇರಿದೆವು. ದಾರಿಯುದ್ದಕ್ಕೂ ಅಪ್ಪ ಗೊಣಗಿದ.

ಮರುದಿನ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ, ತಟ್ಟೆಯ ಔಷಧದಲ್ಲಿ ಅದ್ದಿದ ಕಾಗದದ ಮೇಲೆ ಆ ಗೆರೆಗಳು ಒಂದೊಂದಾಗಿ ಮೂಡಿದವು. ಅಪ್ಪನ ಗೊಣಗಾಟ ನಿಂತಿತು. "ಇದನ್ನ ಕಳಸೋಣು," ಎಂದ. ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಅಪ್ಪನದಕ್ಕೆ ಏನೂ ಇಲ್ಲ! ಆದರೂ ಬಂದವರನ್ನೆಲ್ಲ ಕೈಹಿಡಿದು ಎಳೆದು ತಂದು, "ನನ್ನ ಮಗಳು ತಗದದ್ದು ನೋಡ್ರಿ," ಎಂದು ತೋರಿಸುತ್ತಿದ್ದವನು ಅವನೇ. ಮದುವೆಯಾಗಿ ಹೋಗುವಾಗ ಆ ಕ್ಯಾಮೆರಾವನ್ನು ಅಪ್ಪನೇ ಅಕ್ಕನ ಪೆಟ್ಟಿಗೆಯಲ್ಲಿಟ್ಟ. ಧಾರವಾಡ, ಹೈದರಾಬಾದು, ಬೆಂಗಳೂರು ಎಂದು ಅವಳ ಚಿತ್ರಗಳು ಎಲ್ಲೆಲ್ಲಿಗೋ ಹೋದವು.

ಈಗ ನಿಮ್ಮನ್ನು ನೋಡುತ್ತೇನೆ, ಮೊಮ್ಮಕ್ಕಳೇ. ಮಲಗಿದ ಬೆಕ್ಕಿನದೇ ನಲವತ್ತು ಫೋಟೊ ತೆಗೆಯುತ್ತೀರಿ, ಬೇಡವಾದದ್ದನ್ನು ಅಲ್ಲೇ ಅಳಿಸುತ್ತೀರಿ. ತಪ್ಪಿದರೆ ಯಾರಿಗೂ ಹೇಳಬೇಕಿಲ್ಲ, ಕಿವಿ ಹಿಂಡಿಸಿಕೊಳ್ಳಬೇಕಿಲ್ಲ. ಒಳ್ಳೆಯದೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಭಾನುವಾರದ ನಂತರವೂ ತವರಿಗೆ ಬಂದಾಗಲೆಲ್ಲ ಅಕ್ಕ ಹೊಸ ರೋಲನ್ನು ನನ್ನ ಕೈಗೇ ಕೊಡುತ್ತಿದ್ದಳು. ನಾನು ಹಾಕಿಕೊಟ್ಟ ಮೇಲೆ ಒಮ್ಮೆಯೂ ಪರೀಕ್ಷಿಸಿ ನೋಡಲಿಲ್ಲ. ನಿಮ್ಮ ಫೋನಿಗೆ ರೋಲ್ ಹಾಕಿಕೊಡುವವರು ಯಾರೂ ಬೇಕಿಲ್ಲವಲ್ಲ, ಅದೊಂದಕ್ಕೇ ನಿಮ್ಮನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ.